ಕರ್ನಾಟಕದಲ್ಲಿ ಮಕ್ಕಳ ಮನೋವಿಕಾಸ ಸಿದ್ಧಾಂತಗಳು

ಮಗುವಿನ ಬುದ್ಧಿ, ಭಾವನೆ, ಮಾತು ಮತ್ತು ನೀತಿಪ್ರಜ್ಞೆ ವಯಸ್ಸಿನೊಡನೆ ಹೇಗೆ ಬೆಳೆಯುತ್ತವೆ ಎಂಬುದನ್ನು ಮನೋವಿಕಾಸ ಸಿದ್ಧಾಂತಗಳು ವಿವರಿಸುತ್ತವೆ. ಬೆಳವಣಿಗೆಗೆ ಹಂತಗಳಿವೆ ಎಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ತೊಟ್ಟಿಲು, ಅನ್ನಪ್ರಾಶನ, ಜವಳ, ಅಕ್ಷರಾಭ್ಯಾಸದ ಕ್ರಮದಲ್ಲಿ ಅದು ಬಳಕೆಯಲ್ಲೇ ಇತ್ತು. ಆಯುರ್ವೇದದ ಕಾಶ್ಯಪ ಸಂಹಿತೆ ಶಿಶುಪಾಲನೆಗೇ ಮೀಸಲಾದ ಗ್ರಂಥ. ಪ್ರಯೋಗ ಮತ್ತು ಮಾಪನಗಳ ಮೂಲಕ ಮಗುವನ್ನು ಅರಿಯುವ ಪದ್ಧತಿ ಮಾತ್ರ 20ನೇ ಶತಮಾನದಲ್ಲಿ ಬಂತು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್‌ರ ಬಳಿ ಕಲಿತುಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು.

ಉತ್ತರ ಕರ್ನಾಟಕದ ಮಕ್ಕಳ ಮಟ್ಟಿಗೆ ಹೆಚ್ಚು ಮಹತ್ವದ ಕೆಲಸ ನಡೆದದ್ದು ಧಾರವಾಡ ಸೀಮೆಯಲ್ಲಿ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೋನ್ ಜತೆಗೂಡಿ ಮೊದಲ ಬುದ್ಧಿಮಾಪನವನ್ನು ರೂಪಿಸಿದ್ದರು. ಅಮೆರಿಕದಲ್ಲಿ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿದರು. ಆ ಪರಿಷ್ಕರಣೆಯನ್ನು ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ, 1934ರಲ್ಲಿ ವರದಿ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಗಿ ಬಂತು. ಗೋಕಾಕ, ಹುಕ್ಕೇರಿ ಸೇರಿದಂತೆ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಎರಡೂ ಭಾಷೆಗಳು ಬೆರೆತ ಈ ಸೀಮೆಗೆ ದ್ವಿಭಾಷಾ ಮಾಪನವೇ ತಕ್ಕದ್ದಾಗಿತ್ತು. ಟರ್ಮನ್‌ರ ಪ್ರಶ್ನೆಗಳಲ್ಲಿ ಅಮೆರಿಕದ ನಾಣ್ಯಗಳನ್ನು ಗುರುತಿಸುವುದೂ ಒಂದು. ಅದನ್ನೇ ಇಲ್ಲಿನ ಮಗುವಿಗೆ ಕೇಳಿದರೆ ಗೊತ್ತಾಗುವುದು ಅದು ಆ ನಾಣ್ಯಗಳನ್ನು ಕಂಡಿಲ್ಲವೆಂಬುದಷ್ಟೇ, ಬುದ್ಧಿಯ ಮಟ್ಟವಲ್ಲ.

ಬಿನೆ-ಕಾಮತ್ ಪರೀಕ್ಷೆ ಎನಿಸಿದ ಈ ಮಾಪನದಲ್ಲಿ 3ರಿಂದ 10 ವರ್ಷದ ಮಟ್ಟಗಳಿಗೆ ತಲಾ ಆರು ಪ್ರಶ್ನೆಗಳಿದ್ದು, ಒಂದೊಂದಕ್ಕೂ ಎರಡು ತಿಂಗಳ ಬೆಲೆ. ಹತ್ತು ವರ್ಷದ ಬಾಲಕಿ ಆರು ವರ್ಷದ ಮಟ್ಟದ ಎಲ್ಲವನ್ನೂ, ಏಳರದರಲ್ಲಿ ನಾಲ್ಕನ್ನೂ, ಎಂಟರದರಲ್ಲಿ ಎರಡನ್ನೂ ಬಿಡಿಸಿ ಅಲ್ಲಿಗೆ ನಿಂತರೆ ಅವಳ ಮಾನಸಿಕ ವಯಸ್ಸು ಏಳು; ಅದನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುವ ಬುದ್ಧಿಲಬ್ಧ 70. ಈ ಒಂದು ಅಂಕಿಯ ಮೇಲೆ ಮಗುವಿನ ಶಾಲೆ ಮತ್ತು ಸವಲತ್ತು ನಿರ್ಧಾರವಾಗಬಹುದಾದ್ದರಿಂದ ಪರೀಕ್ಷಕರ ಹೊಣೆ ದೊಡ್ಡದು. ಪರೀಕ್ಷೆ ಬಹುಪಾಲು ಮಾತನ್ನೇ ಅವಲಂಬಿಸಿದೆ. ಕಿವಿ ಕೇಳದ ಅಥವಾ ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿಗೆ ಇದೊಂದರಿಂದಲೇ ನ್ಯಾಯ ಸಿಗದು.

ಬುದ್ಧಿಯಿಂದ ಭಾವನೆಯತ್ತ ಬಂದರೆ, ಫ್ರಾಯ್ಡ್‌ರ ಮನೋವಿಶ್ಲೇಷಣೆಗೆ ಉತ್ತರ ಕೊಟ್ಟದ್ದು ಉತ್ತರ ಕರ್ನಾಟಕದ ಒಂದು ಜನಪದ ಕಥೆ. ಮಗ ತಾಯಿಯನ್ನು ಬಯಸಿ ತಂದೆಯನ್ನು ದ್ವೇಷಿಸುವ ಈಡಿಪಸ್ ಸಂಘರ್ಷ ಎಲ್ಲ ಮಕ್ಕಳಿಗೂ ಸಾಮಾನ್ಯವೆಂದು ಫ್ರಾಯ್ಡ್ ನಂಬಿದ್ದರು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಎ.ಕೆ. ರಾಮಾನುಜನ್, ಮುಂದೆ ಈ ಭಾಗದ ಹಳ್ಳಿಯ ಹೆಂಗಸೊಬ್ಬಳು ಹೇಳಿದ ಕಥೆಯನ್ನು ವಿಶ್ಲೇಷಿಸಿದರು. ಅದರಲ್ಲಿ ದುರಂತ ಮಗನದಲ್ಲ, ತಾಯಿಯದು: ತನಗರಿವಿಲ್ಲದೆ ಮಗನನ್ನೇ ಮದುವೆಯಾದವಳು, ನಿಜ ತಿಳಿದಾಗ ತೊಟ್ಟಿಲ ಕೂಸಿನೊಂದಿಗೆ ತನಗಿರುವ ಸಂಬಂಧಗಳನ್ನೆಲ್ಲ ಲಾಲಿಯಲ್ಲಿ ಎಣಿಸಿ ಪ್ರಾಣ ಬಿಡುತ್ತಾಳೆ. ಭಾರತೀಯ ಕಥನಗಳಲ್ಲಿ ಬಯಕೆಯೂ ಹಗೆಯೂ ಹಿರಿಯರಿಂದ ಕಿರಿಯರತ್ತ ಹರಿಯುತ್ತವೆ ಎಂಬುದು ಅವರ ವಾದ. ಮಗುವಿನ ಮನಸ್ಸನ್ನು ಕುಟುಂಬದ ರಚನೆಯಿಂದ ಬಿಡಿಸಿ ನೋಡಲಾಗದು ಎಂಬುದಕ್ಕೆ ಇಷ್ಟು ಬಲವಾದ ಸಾಕ್ಷಿ ವಿರಳ.

ಮನೋವಿಕಾಸದ ಸಿದ್ಧಾಂತಿಗಳಾದ ಪಿಯಾಜೆ, ವಿಗೋಟ್‌ಸ್ಕಿ, ಎರಿಕ್‌ಸನ್, ಕೋಲ್‌ಬರ್ಗ್ ಇಲ್ಲಿಗೆ ಬಂದದ್ದು ಹೆಚ್ಚಾಗಿ ಶಿಕ್ಷಕರ ತರಬೇತಿಯ ಪಠ್ಯಗಳ ಮೂಲಕ. ಅಗಲ ಪಾತ್ರೆಯ ನೀರನ್ನು ಎತ್ತರದ ಲೋಟಕ್ಕೆ ಸುರಿದಾಗ ಐದರ ಮಗು ನೀರು ಹೆಚ್ಚಾಯಿತೆನ್ನುತ್ತದೆ, ಎಂಟರ ಮಗು ಅಷ್ಟೇ ಇದೆಯೆನ್ನುತ್ತದೆ. ಮಗುವಿನ ಚಿಂತನೆ ದೊಡ್ಡವರ ಚಿಂತನೆಯ ಕಿರುರೂಪವಲ್ಲ, ಅದರ ಬಗೆಯೇ ಬೇರೆ ಎಂದು ಪಿಯಾಜೆ ಇದರಿಂದ ತೋರಿಸಿದರು. ಬಲ್ಲವರ ನೆರವಿನಿಂದ ಮಗು ಇಂದು ಮಾಡುವುದನ್ನು ನಾಳೆ ತಾನಾಗಿ ಮಾಡುತ್ತದೆ ಎಂದವರು ವಿಗೋಟ್‌ಸ್ಕಿ. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರತಿ ಪತ್ರಿಕೆಯಲ್ಲೂ ಶಿಶುವಿಕಾಸಕ್ಕೆ 30 ಅಂಕಗಳಿವೆ. ಹೆಸರು, ಹಂತಗಳನ್ನು ಬಾಯಿಪಾಠ ಮಾಡುವುದಷ್ಟಕ್ಕೇ ಈ ಓದು ನಿಲ್ಲುವ ಅಪಾಯವಿದೆ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಸಿದ್ಧಾಂತಗಳನ್ನು ಚಿಕಿತ್ಸೆಗೆ ತಂದವು. ಮೈಸೂರಿನ ಭರತರಾಜ್ 1977ರಲ್ಲಿ ಹುಟ್ಟಿನಿಂದ 15 ವರ್ಷದವರೆಗಿನ ಬೆಳವಣಿಗೆಯನ್ನು 88 ಅಂಶಗಳಲ್ಲಿ ಅಳೆಯುವ ಪರೀಕ್ಷೆಯನ್ನು ಸಿದ್ಧಪಡಿಸಿದರು. ಯಾವ ತಿಂಗಳಿಗೆ ಮಗು ಕತ್ತು ನಿಲ್ಲಿಸಬೇಕು, ಕೂರಬೇಕು, ನಡೆಯಬೇಕು ಎಂಬ, ಮನಶ್ಶಾಸ್ತ್ರಜ್ಞ ಗೆಸೆಲ್‌ರ ಪರಂಪರೆಯ ಪಟ್ಟಿ ಇಂದು ತಾಯಿ ಕಾರ್ಡಿನಲ್ಲಿ ಅಚ್ಚಾಗಿದ್ದು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಅದನ್ನು ನೋಡಿ ತಡವಾದ ಮಕ್ಕಳನ್ನು ವೈದ್ಯರ ಬಳಿಗೆ ಕಳಿಸುತ್ತಾರೆ.