ತೋಟಾದ ತಳದ ಮುದ್ರೆ: ಮರುತುಂಬಿದ ಮದ್ದುಗುಂಡುಗಳ ಚರಿತ್ರೆಯಲ್ಲಿ ಅಪಾಯದ ನೆಲೆಗಳು

ಮಲೆನಾಡು ಹಾಗೂ ಕೊಡಗಿನ ಆಡುಮಾತು ಬೇಟೆಯ ಕೋವಿಗಳನ್ನು ಕೇಪಿನ ಕೋವಿ, ತೋಟಾ ಕೋವಿ ಎಂದು ಎರಡಾಗಿ ವಿಂಗಡಿಸುತ್ತದೆ. ಆಯುಧಗಳ ಚರಿತ್ರೆಯ ದೃಷ್ಟಿಯಿಂದ ಈ ವಿಂಗಡಣೆ ಅರ್ಥಪೂರ್ಣವಾದುದು. ಕೇಪಿನ ಕೋವಿಯಲ್ಲಿ ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಯಿಂದ ಹಾಕಿ ಸಲಾಕೆಯಿಂದ ಜಡಿಯುವವನು ಸಾಮಾನ್ಯವಾಗಿ ಈಡು ಹೊಡೆಯುವವನೇ ಆಗಿರುತ್ತಾನೆ. ಎಷ್ಟು ಮದ್ದು ಹಾಕಿದೆ, ಅದು ಎಂತಹ ಮದ್ದು ಎಂಬ ತಿಳಿವಳಿಕೆ ಅವನ ಕೈಯಲ್ಲಿಯೇ ಉಳಿದಿರುತ್ತದೆ. ತೋಟಾ ಬಂದ ಮೇಲೆ ತುಂಬುವವನೂ ಸಿಡಿಸುವವನೂ ಬೇರೆಯಾದರು. ಒಳಗಿರುವುದನ್ನು ಹೊರಗಿನಿಂದ ಕಾಣಲಾಗದ ಒಂದು ವಸ್ತುವನ್ನು ನಂಬಿ, ತನ್ನ ಮುಖದಿಂದ ಕೆಲವೇ ಅಂಗುಲಗಳಾಚೆ ಅದನ್ನು ಸ್ಫೋಟಿಸುವ ಪರಿಸ್ಥಿತಿ ಹುಟ್ಟಿಕೊಂಡಿತು.

ಪರರು ಮಾಡಿದ ತೋಟಾದ ಮೇಲಿನ ಅಪನಂಬಿಕೆ ಭಾರತೀಯ ಚರಿತ್ರೆಗೆ ಹೊಸದಲ್ಲ. 1857ರ ಜನವರಿಯಲ್ಲಿ ದಮ್‌ದಮ್‌ನಲ್ಲಿ ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾ ಕುರಿತು ಎದ್ದ ಸಂಶಯ ಧರ್ಮಕ್ಕೆ ಸಂಬಂಧಿಸಿದ್ದೇ ಹೊರತು ಸುರಕ್ಷತೆಗಲ್ಲ. ಸಿಪಾಯಿಗಳು ತಮಗೊಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಸರ್ಕಾರ ಹೇಳಿದ ಮೇಲೆ ಸಂಶಯ ಜಿಡ್ಡಿನಿಂದ ಕಾಗದಕ್ಕೆ ಸರಿಯಿತು. ತಯಾರಿಕೆಯನ್ನು ಕಣ್ಣಾರೆ ಕಾಣದವನಿಗೆ ಭರವಸೆಯ ಮಾತು ಸಾಲದಾಯಿತು.

ಬಂಗಾಳದ ಆ ತೋಟಾ ಒಮ್ಮೆ ಬಳಸಿದರೆ ಮುಗಿಯಿತು. ಹಿತ್ತಾಳೆಯ ತೋಟಾದ ಸ್ವರೂಪ ಬೇರೆ. ಸಿಡಿದ ಮೇಲೂ ಹಿತ್ತಾಳೆ ಉಳಿಯುತ್ತದೆ; ಹಳೆಯ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು ಹಾಕಿ, ಗುಂಡು ಒತ್ತಿದರೆ ಅದು ಮತ್ತೆ ತೋಟಾ ಆಗುತ್ತದೆ. 1870ರ ದಶಕದಲ್ಲಿ ಅಮೆರಿಕೆಯ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಕೊಂದ ಬೇಟೆಗಾರರು ತಮ್ಮ ತೋಟಾಗಳನ್ನು ತಾವೇ ಮರುತುಂಬಿಕೊಳ್ಳುತ್ತಿದ್ದರು. ಅಲ್ಲಿನ ಸೈನ್ಯವೂ ಗುರಿ ಅಭ್ಯಾಸದ ವೆಚ್ಚವನ್ನು ತಗ್ಗಿಸಲು ಇದೇ ದಾರಿ ಹಿಡಿಯಿತು. ಫ್ರಾಂಕ್‌ಫರ್ಡ್ ಶಸ್ತ್ರಾಗಾರವು 1882ರಿಂದ ಮರುತುಂಬಲು ಬರುವಂತಹ ತೋಟಾಗಳನ್ನು ಸೈನ್ಯಕ್ಕೆ ಒದಗಿಸಿತು.

ಈ ಶಸ್ತ್ರಾಗಾರದ ಮುದ್ರೆಯ ಪದ್ಧತಿ ಪ್ರಸ್ತುತ ವಿಷಯದ ತಿರುಳನ್ನೇ ತೆರೆದು ತೋರಿಸುತ್ತದೆ. 1877ರಿಂದ ಅಲ್ಲಿನ ತೋಟಾದ ತಳದಲ್ಲಿ ತಯಾರಾದ ತಿಂಗಳು, ವರ್ಷಗಳೊಡನೆ ಒಂದು ಅಕ್ಷರವನ್ನೂ ಒತ್ತಲಾಗುತ್ತಿತ್ತು. 'ಆರ್' ಎಂದರೆ ರೈಫಲ್ಲಿನದು, 70 ಗ್ರೇನ್ ಮದ್ದು; 'ಸಿ' ಎಂದರೆ ಅಶ್ವದಳದ ಕಾರ್ಬೈನಿನದು, 55 ಗ್ರೇನ್ ಮದ್ದು. ಒಳಗಿರುವುದನ್ನು ಹೊರಗಿನ ಲೋಹವೇ ಹೇಳುತ್ತಿತ್ತು. ಆದರೆ ಆ ಹಿತ್ತಾಳೆ ಮೊದಲ ಬಾರಿ ಸಿಡಿದ ಕ್ಷಣದಿಂದ ಮುದ್ರೆಯ ಮಾತು ಸುಳ್ಳು. ಅದು ಮೊದಲ ತಯಾರಕನ ಸಾಕ್ಷ್ಯ. ಎರಡನೆಯ ಬಾರಿ ತುಂಬಿದವನ ಬಗ್ಗೆ ಅದು ಏನನ್ನೂ ಹೇಳದು. ಮರುತುಂಬಿದ ತೋಟಾ ಮಾಲೀಕನಿಂದ ಮಾಲೀಕನಿಗೆ ಕೈಬದಲಾದಾಗ ಉಂಟಾಗುವ ಅಪಾಯದ ಬೇರು ಇಲ್ಲಿದೆ.

ಕರಿಮದ್ದಿನ ಕಾಲದಲ್ಲಿ ಈ ಸುಳ್ಳು ಅಷ್ಟಾಗಿ ಮಾರಕವಾಗಲಿಲ್ಲ. ಕರಿಮದ್ದು ಹೆಚ್ಚು ಜಾಗ ಬೇಡುವ ವಸ್ತು. ತೋಟಾವನ್ನು ಅದು ಬಹುಮಟ್ಟಿಗೆ ತುಂಬಿಬಿಡುವುದರಿಂದ ಎರಡು ಪಾಲು ಹಾಕಹೊರಟರೆ ಹೊರಚೆಲ್ಲುತ್ತಿತ್ತು. ಕೈತಪ್ಪಿದರೂ ತಡೆಯುವ ಗುಣ ವಸ್ತುವಿನಲ್ಲಿಯೇ ಇತ್ತು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದು, 1887ರ ನೊಬೆಲ್ಲನ ಬ್ಯಾಲಿಸ್ಟೈಟ್, 1889ರ ಕಾರ್ಡೈಟ್ ಇವು ಈ ತಡೆಯನ್ನು ಕಿತ್ತುಹಾಕಿದವು. ಹೊಸ ಮದ್ದಿನ ಶಕ್ತಿ ಹೆಚ್ಚು, ಬೇಕಾಗುವ ಪ್ರಮಾಣ ಕಡಿಮೆ. ಒತ್ತಡ ಏರಿದಂತೆ ಅದು ಉರಿಯುವ ವೇಗವೂ ಏರುತ್ತದೆ. ಆದಕಾರಣ ಅಳತೆಯಲ್ಲಿನ ಸಣ್ಣ ಹೆಚ್ಚಳ ಒತ್ತಡದಲ್ಲಿ ಸಣ್ಣದಾಗಿ ಉಳಿಯುವುದಿಲ್ಲ.

ಇನ್ನೂ ತೊಡಕಿನ ಸಂಗತಿಯೆಂದರೆ, ಹೊಗೆರಹಿತ ಮದ್ದುಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. ಪ್ರಷ್ಯದ ಷುಲ್ಟ್ಸೆಯ ಹೆಸರಿನ ಮದ್ದು ಮತ್ತು 1882ರ 'ಇ.ಸಿ.' ಮದ್ದುಗಳನ್ನು ಹಳೆಯ ಬೇಟೆಗಾರರ ರೂಢಿಗೆ ಹೊಂದುವಂತೆ ಮಾಡಲಾಗಿತ್ತು. ಕರಿಮದ್ದನ್ನು ಅಳೆಯುತ್ತಿದ್ದ ಅದೇ ಚಿಕ್ಕ ಅಳತೆಬಟ್ಟಲಿನಲ್ಲಿ ಅವನ್ನೂ ಅಳೆಯಬಹುದಿತ್ತು. ಹನ್ನೆರಡು ಬೋರಿನ ಕೋವಿಗೆ 3 ಡ್ರಾಮ್, ಅಂದರೆ ಸುಮಾರು 82 ಗ್ರೇನ್ ಕರಿಮದ್ದು ಹಿಡಿಯುವ ಬಟ್ಟಲಿನಲ್ಲಿ ಈ ಹಗುರ ಮದ್ದು ಸುಮಾರು 42 ಗ್ರೇನ್ ತೂಗುತ್ತಿತ್ತು. ಬೇಕಾದ ಪ್ರಮಾಣವೂ ಅಷ್ಟೇ. ಬ್ಯಾಲಿಸ್ಟೈಟ್ ಹಾಗಲ್ಲ. ಆ ಕೋವಿಗೆ ಅದು ಸುಮಾರು 26 ಗ್ರೇನ್ ಸಾಕು, ಮತ್ತು ಅದನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಹಳೆಯ ಬಟ್ಟಲಿನಿಂದಲೇ ತುಂಬಿದವನು ಬೇಕಾದುದರ ಎರಡರಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ನಳಿಗೆಯ ಮೇಲೆ ಹೇರುತ್ತಿದ್ದನು. ಬಟ್ಟಲು ಅದೇ, ಕೈಚಳಕ ಅದೇ, ತೋಟಾದ ಹೊರರೂಪ ಅದೇ. ಮದ್ದು ಮಾತ್ರ ಬೇರೆ. ತಾನೇ ತುಂಬಿದವನಿಗೆ ಡಬ್ಬಿಯ ಹೆಸರಾದರೂ ನೆನಪಿರಬಹುದು. ಮತ್ತೊಬ್ಬನಿಂದ ಪಡೆದವನಿಗೆ ಆ ಆಸರೆಯೂ ಇಲ್ಲ.

ಪಿಸ್ತೂಲುಗಳ ತೋಟಾದಲ್ಲಿ ಇದೇ ಅಪಾಯ ಬೇರೊಂದು ಬಗೆಯಲ್ಲಿ ಕಾಣಿಸಿಕೊಂಡಿತು. ಅಮೆರಿಕೆಯ ಪ್ರಸಿದ್ಧ .38 ಸ್ಪೆಷಲ್ ತೋಟಾ ಮೊದಲಿಗೆ ಸುಮಾರು 21 ಗ್ರೇನ್ ಕರಿಮದ್ದಿಗೆ ರೂಪುಗೊಂಡದ್ದು. ಗುರಿ ಅಭ್ಯಾಸಕ್ಕಾಗಿ ಮುಂದೆ ಅದಕ್ಕೆ ಹಾಕಿದ ಹೊಗೆರಹಿತ ಮದ್ದು ಮೂರು ಗ್ರೇನಿಗೂ ಕಡಿಮೆ. ಅಷ್ಟು ದೊಡ್ಡ ಕೊಳವೆಯ ತಳದಲ್ಲಿ ಎರಡನೆಯ ಪಾಲು ಬಿದ್ದರೂ ಕಣ್ಣಿಗೆ ಬೀಳದೆ ಅಡಗುತ್ತದೆ. ಮದ್ದನ್ನೇ ಹಾಕಲು ಮರೆತರೆ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಅರ್ಧದಾರಿಗೆ ನಿಲ್ಲುತ್ತದೆ, ಅದರ ಹಿಂದೆ ಬಂದ ಗುಂಡು ನಳಿಗೆಯನ್ನು ಉಬ್ಬಿಸುತ್ತದೆ ಅಥವಾ ಸೀಳುತ್ತದೆ. ಹಿತ್ತಾಳೆಯ ಆರೋಗ್ಯವೂ ಗುಪ್ತವೇ. ಹಳೆಯ ಕೇಪುಗಳಲ್ಲಿದ್ದ ಪಾದರಸ ಸಿಡಿತದ ಬಳಿಕ ಹಿತ್ತಾಳೆಯೊಳಗೆ ಸೇರಿ ಅದನ್ನು ಪೆಡಸಾಗಿಸುತ್ತಿತ್ತು. ಕರಿಮದ್ದಿನ ದಟ್ಟ ಮಸಿಯಲ್ಲಿ ಪಾದರಸ ಬೆರೆತು ಹೋಗುತ್ತಿದ್ದುದರಿಂದ ಇದು ಮೊದಲು ಅರಿವಿಗೆ ಬಂದಿರಲಿಲ್ಲ. ಹೊಗೆರಹಿತ ಮದ್ದು ಬಂದ ಮೇಲೆ ಮರುತುಂಬಿದ ತೋಟಾಗಳು ಬಿರಿಯತೊಡಗಿ, 19ನೆಯ ಶತಮಾನ ಮುಗಿಯುವ ಹೊತ್ತಿಗೆ ಫ್ರಾಂಕ್‌ಫರ್ಡ್ ಶಸ್ತ್ರಾಗಾರವು ಪಾದರಸವಿಲ್ಲದ ಕೇಪುಗಳತ್ತ ಹೊರಳಿತು.

ಇವೆಲ್ಲ ಅಜಾಗರೂಕತೆಯ ಫಲಗಳು. ಹೊರರೂಪದ ಮೇಲಿನ ನಂಬಿಕೆಯನ್ನು ಬುದ್ಧಿಪೂರ್ವಕವಾಗಿ ಆಯುಧವಾಗಿಸಿದ ಪ್ರಸಂಗವೂ ಚರಿತ್ರೆಯಲ್ಲಿದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕೆಯ ಗುಪ್ತ ದಳವೊಂದು 1967ರಿಂದ 1969ರ ಅವಧಿಯಲ್ಲಿ ಎ.ಕೆ.47 ಬಂದೂಕಿನ ತೋಟಾಗಳನ್ನು ಬಿಚ್ಚಿ, ಮದ್ದಿನ ಬದಲು ತೀವ್ರ ಸ್ಫೋಟಕವನ್ನು ತುಂಬಿ, ಶತ್ರುಗಳ ದಾಸ್ತಾನಿಗೆ ಸೇರಿಸಿತು. 'ಎಲ್ಡೆಸ್ಟ್ ಸನ್' ಎಂಬುದು ಅದರ ಗುಪ್ತನಾಮ. ಬಂದೂಕು ಸಿಡಿದು ಬಳಸಿದವನೇ ಸಾಯಬೇಕು, ಚೀನಾದ ತಯಾರಿಕೆಯ ಮೇಲೆ ವಿಯೆಟ್ನಾಮೀಯರಿಗೆ ನಂಬಿಕೆ ಹೋಗಬೇಕು ಎಂಬುದು ಉದ್ದೇಶ. ಇಲ್ಲಿಯೂ ತಳದ ಮುದ್ರೆ ನಿಜವಾದದ್ದೇ ಆಗಿತ್ತು! ವಶಪಡಿಸಿಕೊಂಡ ಮದ್ದುಗುಂಡುಗಳನ್ನು ಬಳಸಬಾರದೆಂದು ಅಮೆರಿಕೆ ತನ್ನ ಸೈನಿಕರನ್ನೂ ಎಚ್ಚರಿಸಬೇಕಾಯಿತು.

ನಂಬಿಕೆಗೆ ಸಾಂಸ್ಥಿಕ ಆಧಾರ ಒದಗಿಸುವ ಯತ್ನಗಳು ಹಳೆಯವು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರದು. ಇಲ್ಲಿ ನಳಿಗೆಗಳನ್ನು ಅಧಿಕ ಮದ್ದಿನಿಂದ ಪರೀಕ್ಷಿಸಿ ಮುದ್ರೆ ಒತ್ತಲಾಗುತ್ತಿತ್ತು. ಆದರೆ ಆ ಮುದ್ರೆ ಕೋವಿಯ ಬಲವನ್ನು ಹೇಳುತ್ತದೆಯೇ ವಿನಾ ಅದರೊಳಗೆ ನಾಳೆ ಯಾರು ಏನನ್ನು ಹಾಕುವರೆಂಬುದನ್ನಲ್ಲ. ತೋಟಾಗಳ ಒತ್ತಡಕ್ಕೆ ಮಿತಿ ಗೊತ್ತುಪಡಿಸುವ ಸಂಸ್ಥೆಗಳು 20ನೆಯ ಶತಮಾನದಲ್ಲಿ ಬಂದವು: ಯುರೋಪಿನಲ್ಲಿ 1914ರ ಸಿ.ಐ.ಪಿ., ಅಮೆರಿಕೆಯಲ್ಲಿ 1926ರ ಎಸ್.ಎ.ಎ.ಎಂ.ಐ. ಕಾರ್ಖಾನೆಯ ಡಬ್ಬಿಯ ಮೇಲಿನ ತಂಡಸಂಖ್ಯೆ ದೋಷವನ್ನು ಅದರ ಮೂಲದವರೆಗೆ ಹಿಂಬಾಲಿಸಲು ನೆರವಾಗುತ್ತದೆ. ಖಾಸಗಿಯಾಗಿ ಮರುತುಂಬಿದ ತೋಟಾ ಈ ಇಡೀ ವ್ಯವಸ್ಥೆಯ ಹೊರಗುಳಿಯಿತು. ಅದಕ್ಕೆ ಮರುತುಂಬುವವರೇ ಕಂಡುಕೊಂಡ ರೂಢಿಯೆಂದರೆ ತಮ್ಮ ತೋಟಾಗಳನ್ನು ಇತರರಿಗೆ ಕೊಡದಿರುವುದು, ಇತರರದನ್ನು ತಾವು ಹೊಡೆಯದಿರುವುದು. ಈ ಕಸುಬಿನ ಒಳಹೊರಗು ಬಲ್ಲವರೇ ಪಾಲಿಸುವ ಈ ರೂಢಿಗೆ ಹೊರಗಿನವರ ಎಚ್ಚರಿಕೆಗಳಿಗಿಂತ ಹೆಚ್ಚಿನ ಸಾಕ್ಷ್ಯಬಲವಿದೆ.

ಭಾರತದಲ್ಲಿ 1959ರ ಆಯುಧ ಕಾಯಿದೆಯ 5ನೆಯ ಸೆಕ್ಷನ್ ಮದ್ದುಗುಂಡುಗಳ ತಯಾರಿಕೆಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ 2029ರವರೆಗೆ ವಿಸ್ತರಣೆಗೊಂಡ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಹೊಂದುವ ಹಕ್ಕು ಬೇರೆ, ತುಂಬುವ ಕಸುಬು ಬೇರೆ ಎಂಬ ವಿವೇಚನೆ ಇದರಲ್ಲಿದೆ.

ಕರಿಮದ್ದಿನ ಅಳತೆಬಟ್ಟಲು ಬೇಟೆಗಾರರ ಕೈಯಿಂದ ಮರೆಯಾಗಿ ಬಹುಕಾಲವಾದರೂ ಅದರ ಲೆಕ್ಕ ಅಳಿದಿಲ್ಲ. ಅಮೆರಿಕೆಯ ಚರೆ ತೋಟಾಗಳ ಕೆಲವು ಡಬ್ಬಿಗಳ ಮೇಲೆ ಇಂದಿಗೂ 'ಡ್ರಾಮ್ ಸಮಾನ' ಎಂಬ ಅಂಕಿ ಅಚ್ಚಾಗುತ್ತದೆ. ಇಷ್ಟು ಡ್ರಾಮ್ ಕರಿಮದ್ದು ನೀಡುತ್ತಿದ್ದ ವೇಗಕ್ಕೆ ಸಮವೆಂದು ಅದರ ಅರ್ಥ. ಅದು ತೋಟಾದೊಳಗಿನ ಮದ್ದಿನ ತೂಕವಲ್ಲ.