ಮೂಗುದಾರ ಕಳಚಿದ ಕರಡಿ

‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅದು ಪ್ರಾಣಿಯಲ್ಲ, ಲಿಂಗವಿಡುವ ಕರಡಿಗೆ ಎಂದು ವಾದಿಸುವವರುಂಟು. ನನಗೂ ಆ ಮಾತು ಸರಿಯೆಂದೇ ತೋರುತ್ತದೆ. ಆದರೂ ಜನರ ನಾಲಗೆ ಕರಡಿಗೆಯನ್ನು ಮರೆತು ಕರಡಿಯನ್ನು ಉಳಿಸಿಕೊಂಡಿತು. ಮನುಷ್ಯರ ನಡುವೆ ಕರಡಿ ಬಂದರೇನಾದೀತೆಂಬುದನ್ನು ನಮ್ಮ ಹಳ್ಳಿಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಪಾಠ ಹೇಳುವುದು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲಿ. ಉತ್ತರಧ್ರುವದ ಹಿಮಕರಡಿಯ ಚಿತ್ರ ಕಂಡು ಮೆಚ್ಚುವ ನನ್ನ ವಿದ್ಯಾರ್ಥಿಗಳಲ್ಲಿ, ಪಶ್ಚಿಮಕ್ಕೆ ಹತ್ತಿರದಲ್ಲೇ ಇರುವ ಬನ್ನೇರುಘಟ್ಟದ ಕರಡಿಗಳ ಚರಿತ್ರೆಯನ್ನು ಬಲ್ಲವರು ಕಡಮೆ.

ನಮ್ಮ ಕರಡಿ ವಿಚಿತ್ರ ಜೀವಿ. ಅದರ ಉದ್ದನೆಯ ಉಗುರುಗಳಿಂದ ಮೋಸಹೋಗಿ, ಇಂಗ್ಲೆಂಡಿನ ಜಾರ್ಜ್ ಷಾ 1791ರಲ್ಲಿ ಅದನ್ನು ಅಮೆರಿಕದ ‘ಸ್ಲಾತ್’ ಎಂಬ ಮರವಾಸಿಯ ಬಳಗಕ್ಕೆ ಸೇರಿಸಿಬಿಟ್ಟ. ಇಂಗ್ಲಿಷಿನಲ್ಲಿ ಆ ಸೋಮಾರಿ ಹೆಸರು ಇಂದಿಗೂ ಅಂಟಿಕೊಂಡಿದೆ. ಮೇಲುದವಡೆಯ ನಡುವಣ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಹುತ್ತವನ್ನು ಬಗೆದು ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಮನುಷ್ಯನನ್ನು ತಿನ್ನಲೆಂದು ಬೇಟೆಯಾಡುವುದಿಲ್ಲ. ಆದರೆ ಪೊದೆಯ ಮರೆಯಲ್ಲಿ ತಟಕ್ಕನೆ ಎದುರಾದರೆ ಬೆದರಿ ಮುಖಕ್ಕೇ ಎರಗುತ್ತದೆ. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ತೀರಿಕೊಂಡ ಬೇಟೆಗಾರ ಕೆನೆತ್ ಆಂಡರ್ಸನ್, ಅರಸೀಕೆರೆಯ ಕಡೆಯ ದರ್ಗಾ ಕಾಯುವವನೊಬ್ಬನ ಮಗನನ್ನು ಕೊಂದ ಕರಡಿಯ ಕಥೆಯನ್ನು ಬರೆದಿದ್ದಾನೆ.

ಇಂಥ ಪ್ರಾಣಿಯನ್ನು ನಾವು ಮೆಚ್ಚಿದ ಬಗೆ ಯಾವುದು? ಊರ ಬೀದಿಯಲ್ಲಿ ಕಲಂದರನ ಡಮರು ಸದ್ದಾದರೆ ಮಕ್ಕಳು ಓಡಿಬರುತ್ತಿದ್ದರು. ಬೆಚ್ಚಿಬೀಳುವ ಮಗುವನ್ನು ಕರಡಿಯ ಬೆನ್ನಮೇಲೆ ಕೂರಿಸಿ, ಅದರ ಕೂದಲ ತಾಯಿತವನ್ನು ಕೊರಳಿಗೆ ಕಟ್ಟುತ್ತಿದ್ದರು. ಭಯ ಬಿಡಿಸುವ ಆ ಶೂರನೋ! ಮರಿಯಾಗಿದ್ದಾಗಲೇ ತಾಯಿಯಿಂದ ಕದ್ದು ತಂದು, ಕಾದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಕುಣಿಸಿದ ಪ್ರಾಣಿ.

1972ರ ವನ್ಯಜೀವಿ ಕಾನೂನು ಬಂದಮೇಲೂ ಕುಣಿತ ದಶಕಗಳ ಕಾಲ ನಡೆಯಿತು. ತಲೆತಲಾಂತರದಿಂದ ಕರಡಿಯನ್ನೇ ನಂಬಿದವನಿಗೆ ಬೇರೆ ಅನ್ನ ತೋರಿಸದೆ ಹಗ್ಗ ಕಿತ್ತುಕೊಂಡರೆ ಆತ ಮತ್ತೊಂದು ಮರಿಯನ್ನು ಅರಸದಿರುವನೆ? ಕಡೆಗೆ ಬಂಡವಾಳ ಕೊಟ್ಟು, ಬೇರೆ ಕಸುಬು ಹಿಡಿಸಿ, ಕರಡಿಗಳನ್ನು ಬಿಡಿಸಿಕೊಂಡರು. ಬನ್ನೇರುಘಟ್ಟದಲ್ಲಿ 2005ರಲ್ಲಿ ಅವುಗಳಿಗೊಂದು ಆಸರೆ ಏರ್ಪಟ್ಟಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿ ಅಲ್ಲಿಗೆ ಬಂದಾಗ, ದೇಶದ ಬೀದಿಗಳಲ್ಲಿ ಕುಣಿಯುವ ಕೊನೆಯ ಕರಡಿ ಅದೆಂದು ಬಿಡುಗಡೆ ಮಾಡಿಸಿದವರು ಸಾರಿದರು.

ಕೆನಡಾದ ಚರ್ಚಿಲ್ ಎಂಬ ಊರಿನ ಪದ್ಧತಿ ಬೇರೆ. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟುವವರೆಗೆ ಹಿಮಕರಡಿಗಳು ಊರ ಸುತ್ತ ಸುಳಿಯುತ್ತವೆ. ದಾರಿಹೋಕರು ಒಳಹೊಕ್ಕು ಪಾರಾಗಲೆಂದು ಅಲ್ಲಿ ಕಾರುಗಳಿಗೆ ಬೀಗ ಹಾಕದಿರುವ ರೂಢಿಯುಂಟು. ಊರೊಳಗೆ ನುಗ್ಗಿದ್ದನ್ನು ಹಿಡಿದು, ಕೆಲವು ದಿನ ಕೂಡಿಟ್ಟು, ದೂರ ಒಯ್ದು ಬಿಡುತ್ತಾರೆ. ಕುಣಿಸಲೆಂದು ಹಲ್ಲು ಮುರಿಯುವುದಿಲ್ಲ.

ನಮ್ಮಲ್ಲೂ ಹಂಪೆಯ ಬಳಿಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಬಂಡೆಗಳಿಗೆ ಬೆಲ್ಲ, ಜೇನು ಬಳಿದು ಕರಡಿಗಳನ್ನು ಇಳಿಸಿ ತೋರಿಸುವ ಉಪಚಾರ ನನಗೆ ಅಷ್ಟಾಗಿ ಹಿಡಿಸದು; ಆದರೆ ಉಂಡ ಕರಡಿ ತನ್ನ ಗುಡ್ಡಕ್ಕೆ ತಾನೇ ಮರಳುತ್ತದೆ. ಬನ್ನೇರುಘಟ್ಟದ ಆಶ್ರಿತರಿಗೆ ಆ ದಾರಿಯಿಲ್ಲ. ಮುರಿದ ಹಲ್ಲಿನಿಂದ ಕಾಡಿನಲ್ಲಿ ಬದುಕಲಾರವೆಂದು ಗಂಜಿ, ಹಣ್ಣು ಕೊಟ್ಟು ಸಾಕುತ್ತಾರೆ. ಬೇಲಿಯಾಚೆಯ ಕಾಡಿನಲ್ಲಿ ಹಲ್ಲುಳ್ಳ ಕರಡಿಗಳು ಇವೆ. ಅಂಚಿನ ಹಳ್ಳಿಗಳವರು ಮಬ್ಬುಗತ್ತಲಲ್ಲಿ ಪೊದೆಯ ಬಳಿ ಸಾಗುವಾಗ ಗಟ್ಟಿಯಾಗಿ ಮಾತಾಡಿಕೊಂಡೇ ಹೋಗುವುದು ಲೇಸು.