ನೆರಳಿನಿಂದ ಛೇದಚಿತ್ರಕ್ಕೆ: ಎಳೆಯ ಮಕ್ಕಳ ಗೆಡ್ಡೆಗಳ ನಿರ್ಣಯದ ಇತಿಹಾಸ

ಎಳೆಯ ಮಗುವಿನ ಉದರದಲ್ಲಿ ಗೆಡ್ಡೆಯೊಂದು ಕೈಗೆ ತಾಕಿದಾಗ ವೈದ್ಯರ ಮುಂದೆ ಎರಡು ಪ್ರಶ್ನೆಗಳೇಳುತ್ತವೆ. ಅದು ಯಾವ ಅಂಗದಿಂದ ಹುಟ್ಟಿತು? ಅದು ಸೌಮ್ಯವೋ ಮಾರಕವೋ? ಚಿತ್ರಣವಿದ್ಯೆಯ ಇತಿಹಾಸವನ್ನು ಪರಿಶೀಲಿಸಿದರೆ, ಮೊದಲನೆಯ ಪ್ರಶ್ನೆಯಲ್ಲಿ ಅದು ಗಳಿಸಿದ ಪ್ರಭುತ್ವವನ್ನು ಎರಡನೆಯದರಲ್ಲಿ ಇನ್ನೂ ಗಳಿಸಿಲ್ಲವೆಂಬುದು ವ್ಯಕ್ತವಾಗುತ್ತದೆ.

1895ರಲ್ಲಿ ರಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣಗಳು ಕೊಟ್ಟದ್ದು ನೆರಳನ್ನು ಮಾತ್ರ. ಮಕ್ಕಳ ಮೂತ್ರಪಿಂಡದ ಗೆಡ್ಡೆಯನ್ನು ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ವಿಶದವಾಗಿ ವಿವರಿಸಿದರು. ನರಮೂಲದ ನ್ಯೂರೊಬ್ಲಾಸ್ಟೋಮವನ್ನು ಜೇಮ್ಸ್ ಹೋಮರ್ ರೈಟ್ 1910ರಲ್ಲಿ ಗುರುತಿಸಿದರು. ಸುಣ್ಣದ ಕಣಗಳು ಎರಡನೆಯದರಲ್ಲಿ ಹೆಚ್ಚು, ಮೊದಲನೆಯದರಲ್ಲಿ ವಿರಳ. ನೆರಳಿನಲ್ಲಿ ಈ ಭೇದ ಕಾಣುತ್ತಿತ್ತು. ಆದರೆ ಎರಡೂ ಮಾರಕವೇ. ತಿಳಿದದ್ದು ಗೆಡ್ಡೆಯ ಮೂಲವೇ ಹೊರತು ಸ್ವಭಾವವಲ್ಲ.

ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಹೋದ್ಯೋಗಿಗಳು 1958ರಲ್ಲಿ ಪ್ರಕಟಿಸಿದ ಲೇಖನ ಸ್ವಭಾವದ ಪ್ರಶ್ನೆಗೂ ಒಂದು ದಾರಿ ತೆರೆಯಿತು. ಜಠರದ ಕ್ಯಾನ್ಸರೆಂದು ಭಾವಿಸಲಾಗಿದ್ದ ಸ್ತ್ರೀಯೊಬ್ಬರಲ್ಲಿ ಶ್ರವಣಾತೀತ ಧ್ವನಿ ತೋರಿಸಿದ್ದು ಅಂಡಾಶಯದ ದ್ರವಚೀಲ. ದ್ರವವೋ ಘನವೋ ಎಂಬ ಈ ವಿವೇಚನೆ, ವಿಕಿರಣದ ಭಯವಿಲ್ಲದ್ದರಿಂದ, ಮಕ್ಕಳಿಗೆ ವಿಶೇಷವಾಗಿ ಒದಗಿತು. ತೆಳುಗೋಡೆಯ ಸರಳ ದ್ರವಚೀಲ ಪ್ರಾಯಶಃ ಸೌಮ್ಯ. ಘನವಾದ ಗೆಡ್ಡೆಯಲ್ಲಿ ಸಂಶಯ ಉಳಿಯಿತು.

1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಛೇದಚಿತ್ರವನ್ನು ಕೊಟ್ಟಿತು. ಹಲವು ಕೋನಗಳ ನೆರಳುಗಳಿಂದ ಮೂಲರೂಪವನ್ನು ಶೀಘ್ರವಾಗಿ ಮರಳಿ ಕಟ್ಟುವ ಗಣಿತವಿಧಾನವನ್ನು ಅದೇ ವರ್ಷ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದರು. ರಾಜಾಜಿನಗರಕ್ಕೆ ಅನತಿದೂರದಲ್ಲಿರುವ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರು ಇದೇ ರಾಮಚಂದ್ರನ್. ಸಿ.ಟಿ. ಯಂತ್ರಗಳ ಗಣನೆ ದಶಕಗಳ ಕಾಲ ಈ ಬಗೆಯ ವಿಧಾನವನ್ನು ಆಧರಿಸಿತು. ಗೆಡ್ಡೆಯ ಮೇರೆ, ರಕ್ತನಾಳಗಳೊಡನೆ ಅದರ ಸಂಬಂಧ, ಶ್ವಾಸಕೋಶಕ್ಕೆ ಹರಡಿದ ಗುರುತುಗಳು ಇದರಿಂದ ಸ್ಪಷ್ಟವಾದವು. ಹರಡಿದ್ದು ಕಂಡರೆ ಮಾರಕವೆಂಬ ಶಂಕೆ ಬಲವಾಗುತ್ತದೆ. ಕಾಣದಿದ್ದರೆ ಸೌಮ್ಯವೆಂದು ಸಿದ್ಧವಾಗದು.

1973ರಲ್ಲಿ ಲಾಟರ್‌ಬರ್ ತೋರಿಸಿದ ಕಾಂತೀಯ ಅನುರಣನದ ಚಿತ್ರಣ, ಅಂದರೆ ಇಂದಿನ ಎಂ.ಆರ್.ಐ., ಮುಂದೆ ಅಂಗಾಂಶದಲ್ಲಿ ನೀರಿನ ಅಣುಗಳ ಚಲನೆಯನ್ನೂ ಅಳೆಯಿತು. ಜೀವಕೋಶಗಳು ಒತ್ತಾಗಿ ನೆರೆದ ಗೆಡ್ಡೆಯಲ್ಲಿ ಆ ಚಲನೆ ಕುಗ್ಗುತ್ತದೆ. ಇದು ಬೆಲೆಯುಳ್ಳ ಸೂಚನೆ. ಆದರೂ ನ್ಯೂರೊಬ್ಲಾಸ್ಟೋಮಕ್ಕೂ ಅದರ ಸೌಮ್ಯ ಬಂಧುವಾದ ಗ್ಯಾಂಗ್ಲಿಯೋನ್ಯೂರೋಮಕ್ಕೂ ನಡುವಣ ಗೆರೆ ಚಿತ್ರದಲ್ಲಿ ಎಲ್ಲ ಸಂದರ್ಭಗಳಲ್ಲಿಯೂ ಸ್ಪಷ್ಟವಾಗುವುದಿಲ್ಲ.

ಈ ಪರಿಮಿತಿಯ ಪರಿಣಾಮ ಚಿಕಿತ್ಸೆಯ ಕ್ರಮದಲ್ಲಿ ಕಾಣುತ್ತದೆ. ಹಸುಗೂಸುಗಳ ಮೂತ್ರಪಿಂಡದಲ್ಲಿ ಹುಟ್ಟುವ, ಬಹುಮಟ್ಟಿಗೆ ಸೌಮ್ಯವಾದ ಮೀಸೋಬ್ಲಾಸ್ಟಿಕ್ ನೆಫ್ರೋಮವನ್ನು ಬೋಲಾಂಡೆ ಮತ್ತು ಸಂಗಡಿಗರು 1967ರಲ್ಲಿ ಪ್ರತ್ಯೇಕಿಸಿದರು. ಚಿತ್ರದಲ್ಲಿ ಅದು ವಿಲ್ಮ್ಸ್ ಗೆಡ್ಡೆಯನ್ನು ಹೋಲುತ್ತದೆ. ಯುರೋಪಿನಲ್ಲಿ ರೂಢವಾದ ಪದ್ಧತಿಯಂತೆ ವಿಲ್ಮ್ಸ್ ಗೆಡ್ಡೆಗೆ ಚಿತ್ರವನ್ನಾಧರಿಸಿ ಶಸ್ತ್ರಕ್ರಿಯೆಗೆ ಮೊದಲೇ ಔಷಧಚಿಕಿತ್ಸೆ ಆರಂಭವಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಮೊದಲು. ಚಿತ್ರ ತಪ್ಪಿದರೆ ಸೌಮ್ಯ ಗೆಡ್ಡೆಯ ಮಗು ತೀಕ್ಷ್ಣ ಔಷಧವನ್ನು ವ್ಯರ್ಥವಾಗಿ ಸಹಿಸಬೇಕಾದೀತು. ಆದುದರಿಂದಲೇ ಯುರೋಪಿನವರೂ ಆರು ತಿಂಗಳೊಳಗಿನ ಶಿಶುಗಳಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯನ್ನೇ ಮೊದಲು ಮಾಡುತ್ತಾರೆ. ಇಲ್ಲಿ ಮಗುವಿನ ವಯಸ್ಸೇ ಒಂದು ಪ್ರಮಾಣ.

ಚಿತ್ರ ಸಂಶಯದ ಕ್ಷೇತ್ರವನ್ನು ಕಿರಿದುಗೊಳಿಸುತ್ತದೆ. ಅಂಗಾಂಶವನ್ನು ಎಲ್ಲಿಂದ ತೆಗೆಯಬೇಕೆಂದು ತೋರಿಸುತ್ತದೆ. ಸೌಮ್ಯ-ಮಾರಕಗಳ ಕೊನೆಯ ತೀರ್ಮಾನ ಹಲವು ಗೆಡ್ಡೆಗಳಲ್ಲಿ ಸೂಕ್ಷ್ಮದರ್ಶಕದ್ದೇ ಆಗಿ ಉಳಿದಿದೆ.